ಬೇಡ ಅನ್ನುವವರಿಲ್ಲದ ಹಾಡುಗಾರ: ಅಡ್ರಿಯಾನೊ ಚೆಲೆಂಟಾನೊನನ್ನು ಅರ್ಥ ಮಾಡಿಕೊಳ್ಳುವ ಬಗೆ

1987ರ ನವೆಂಬರ್ 7, ಶನಿವಾರ ರಾತ್ರಿ. ಇಟಲಿಯ ಸರ್ಕಾರಿ ಟಿ.ವಿ. ‘ರಾಯ್’ನ ಮೊದಲ ಚಾನೆಲ್ಲಿನಲ್ಲಿ ‘ಫಂಟಾಸ್ಟಿಕೊ’ ನಡೆಯುತ್ತಿದೆ. ಹಾಡು, ಕುಣಿತ, ಜೊತೆಗೆ ಲಾಟರಿ. ಮನೆಮಂದಿಯೆಲ್ಲ ಊಟ ಮುಗಿಸಿ ಕೂತು ನೋಡುವಂಥ ಶೋ. ಮರುದಿನ ಬೆಳಗಾದರೆ ದೇಶದಲ್ಲಿ ಜನಮತಗಣನೆ. ಅಣುವಿದ್ಯುತ್ ಸೇರಿ ಕೆಲವು ವಿಷಯಗಳ ಮೇಲೆ ಜನ ಮತ ಹಾಕಬೇಕು. ನಿರೂಪಕ ಕ್ಯಾಮೆರಾ ಮುಂದೆ ನಿಂತು, ನಾಳೆ ಮತಪತ್ರದ ಮೇಲೆ ‘ಬೇಟೆ ಪ್ರೀತಿಗೆ ವಿರುದ್ಧ’ ಎಂದು ಬರೆದು ಬನ್ನಿ ಎಂದುಬಿಟ್ಟ. ಪ್ರಾಣಿಬೇಟೆಯ ಪ್ರಶ್ನೆ ಆ ಮತಪತ್ರದಲ್ಲಿ ಇರಲೇ ಇಲ್ಲ. ಮತಪತ್ರದ ಮೇಲೆ ಏನಾದರೂ ಗೀಚಿದರೆ ಆ ಮತವೇ ಕುಲಗೆಡುತ್ತದೆ. ಚುನಾವಣೆಯ ಹಿಂದಿನ ರಾತ್ರಿ, ಸರ್ಕಾರಿ ಚಾನೆಲ್ಲಿನಲ್ಲಿ, ಕೋಟಿಗಟ್ಟಲೆ ಮತದಾರರಿಗೆ ಒಬ್ಬ ಪಾಪ್ ಗಾಯಕ ಕೊಟ್ಟ ಸಲಹೆ ಇದು.

ಆ ಗಾಯಕ ಅಡ್ರಿಯಾನೊ ಚೆಲೆಂಟಾನೊ. ಆಗ ವಯಸ್ಸು ನಲವತ್ತೊಂಬತ್ತು. ಅದೇ ಶೋನಲ್ಲಿ ಆತ ಮಾತಿನ ನಡುವೆ ತಟ್ಟನೆ ನಿಂತು, ಏನೂ ಹೇಳದೆ, ಕ್ಯಾಮೆರಾವನ್ನೇ ದಿಟ್ಟಿಸುತ್ತಿದ್ದ. ಮಾತು ಮರೆತಿದ್ದಾನೋ, ಬೇಕೆಂದೇ ಹೀಗೆ ಮಾಡುತ್ತಿದ್ದಾನೋ ಎಂದು ಪತ್ರಿಕೆಗಳು ವಾರವಿಡೀ ಚರ್ಚೆ ಮಾಡುತ್ತಿದ್ದವು. ತನ್ನನ್ನು ‘ದಡ್ಡರ ದೊರೆ’ ಎಂದು ಕರೆದುಕೊಂಡ. ಇನ್ನೊಂದು ಶನಿವಾರ ಟಿ.ವಿ. ಬಂದ್ ಮಾಡಿ ಎಂದ. ಲಕ್ಷಾಂತರ ಜನ ನಿಜವಾಗಿಯೂ ಬಂದ್ ಮಾಡಿದರು.

ಇಷ್ಟೊಂದು ಸಲುಗೆ ಒಬ್ಬ ಹಾಡುಗಾರನಿಗೆ ಎಲ್ಲಿಂದ ಬಂತು? ಅರ್ಧ ಉತ್ತರ ಅವನ ಗಂಟಲಲ್ಲಿದೆ. ಇನ್ನರ್ಧ, 1961ರ ಕೊನೆಯಲ್ಲಿ ಗೆಳೆಯರನ್ನು ಕಟ್ಟಿಕೊಂಡು ಆತ ತೆರೆದ ಒಂದು ರೆಕಾರ್ಡ್ ಕಂಪನಿಯಲ್ಲಿದೆ. ಅಲ್ಲಿಂದಾಚೆಗೆ ಅವನಿಗೆ ‘ಇದು ಬೇಡಪ್ಪ’ ಎಂದು ಹೇಳುವ ಹಕ್ಕು ಯಾರಿಗೂ ಉಳಿಯಲಿಲ್ಲ. ಆತ ಮಾಡಿದ ಅತಿ ಒಳ್ಳೆಯ ಕೆಲಸವೂ, ಅತಿ ಕೆಟ್ಟ ಕೆಲಸವೂ ಈ ಒಂದು ಸಂಗತಿಯಿಂದಲೇ ಹುಟ್ಟಿದ್ದು ಅನ್ನುವುದು ನನ್ನ ಅನಿಸಿಕೆ.

ಗ್ಲುಕ್ ಬೀದಿಯ ಗಡಿಯಾರ ರಿಪೇರಿ ಹುಡುಗ

ಚೆಲೆಂಟಾನೊ ಹುಟ್ಟಿದ್ದು 1938ರ ಜನವರಿ 6ರಂದು, ಉತ್ತರ ಇಟಲಿಯ ಮಿಲಾನ್ ನಗರದಲ್ಲಿ. ಮನೆ ಗ್ಲುಕ್ ಬೀದಿಯ 14ನೇ ನಂಬರು. ಮಿಲಾನಿನ ದೊಡ್ಡ ರೈಲು ನಿಲ್ದಾಣದ ಬದಿಯಲ್ಲಿ, ಆಗಿನ್ನೂ ಊರಂಚಿನ ಹುಲ್ಲುಗಾವಲು ಕಾಣುತ್ತಿದ್ದ ಜಾಗ. ಅಪ್ಪ ಅಮ್ಮ ಮೂಲತಃ ಅಲ್ಲಿಯವರಲ್ಲ. ದಕ್ಷಿಣದ ಪುಲಿಯಾ ಪ್ರಾಂತ್ಯದ ಫೊಜ್ಜಾ ಕಡೆಯಿಂದ ಕೆಲಸ ಹುಡುಕಿ ಬಂದವರು. ಇಟಲಿಯಲ್ಲಿ ಇದು ಸಣ್ಣ ವಿವರವಲ್ಲ. ದಕ್ಷಿಣದ ಬಡವರು ಉತ್ತರದ ಕಾರ್ಖಾನೆಗಳಿಗೆ ಗುಳೆ ಹೋಗಿದ್ದು ಆ ದೇಶದ ಇಪ್ಪತ್ತನೇ ಶತಮಾನದ ದೊಡ್ಡ ಕಥೆ. ಮಿಲಾನಿನಲ್ಲಿ ಹುಟ್ಟಿ ಮಿಲಾನಿನವನೇ ಆದರೂ ಮನೆಯೊಳಗಿನ ನುಡಿ, ಅಡುಗೆ, ನಂಬಿಕೆ ದಕ್ಷಿಣದ್ದು. ಮುಂದೆ ಇಡೀ ದೇಶ ಅವನನ್ನು ನಮ್ಮವನು ಅಂದುಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಶಾಲೆ ಬೇಗ ಬಿಟ್ಟ. ಸಣ್ಣಪುಟ್ಟ ಕೆಲಸ ಮಾಡಿ ಕೊನೆಗೆ ಗಡಿಯಾರ ರಿಪೇರಿಗೆ ನಿಂತ. ಅಷ್ಟರಲ್ಲಿ ಅಮೆರಿಕದಿಂದ ಬಿಲ್ ಹೇಲಿಯ ರಾಕ್ ಅಂಡ್ ರೋಲ್ ಬಂತು. ಹುಡುಗ ಇಂಗ್ಲಿಷ್ ಕಲಿತವನಲ್ಲ. ಕೇಳಿದ ಸದ್ದನ್ನು ಕೇಳಿದ ಹಾಗೇ ಬಾಯಲ್ಲಿ ಹೊರಳಿಸಿ ಹಾಡಿದ. ಇದನ್ನು ನೆನಪಿಟ್ಟುಕೊಳ್ಳಿ, ಹದಿನೈದು ವರ್ಷಗಳ ನಂತರ ಇದೇ ಕಸುಬು ಅವನ ಅತ್ಯಂತ ವಿಚಿತ್ರ ಹಾಡಾಗುತ್ತದೆ. 1957ರ ಮೇ 18ರಂದು ಮಿಲಾನಿನ ಐಸ್ ಸ್ಕೇಟಿಂಗ್ ಅರಮನೆಯಲ್ಲಿ ಇಟಲಿಯ ಮೊದಲ ರಾಕ್ ಅಂಡ್ ರೋಲ್ ಉತ್ಸವ ನಡೆದಾಗ ಆತ ತನ್ನ ‘ರಾಕ್ ಬಾಯ್ಸ್’ ತಂಡದ ಜೊತೆ ವೇದಿಕೆ ಹತ್ತಿದ. ಗಿಟಾರಿನಲ್ಲಿ ಇದ್ದವನು ಜಾರ್ಜೊ ಗಾಬೆರ್, ಮುಂದೆ ತಾನೇ ದೊಡ್ಡ ಗಾಯಕ, ರಂಗನಟ ಆದವನು.

ಆ ಕಾಲದ ಇಟಲಿಯ ಹಾಡುಗಾರ ಅಂದರೆ ಮೈಕಿನ ಮುಂದೆ ಅಲುಗಾಡದೆ ನಿಂತು, ಎದೆಯ ಮೇಲೆ ಕೈಯಿಟ್ಟು, ರಾಗವನ್ನು ಎಳೆದೆಳೆದು ಹಾಡುವವನು. ಈ ಹೊಸ ಹುಡುಗರಿಗೆ ಪತ್ರಿಕೆಗಳು ‘ಕಿರುಚುವವರು’ ಎಂದು ಹೆಸರಿಟ್ಟವು. ಚೆಲೆಂಟಾನೊ ಕಿರುಚುವುದರ ಜೊತೆಗೆ ಮೈಯನ್ನೂ ಆಡಿಸುತ್ತಿದ್ದ. ಮೊಣಕಾಲು, ಸೊಂಟ, ಹೆಗಲು ಒಂದೊಂದೂ ಬೇರೆ ಬೇರೆ ತಾಳಕ್ಕೆ ಕುಣಿಯುತ್ತಿದ್ದವು. ಕೀಲುಗಳಿಗೆ ಸ್ಪ್ರಿಂಗ್ ಕೂರಿಸಿದವನು ಎಂಬ ಅರ್ಥದ ‘ಮೊಲ್ಲೆಜ್ಜಾತೊ’ ಎಂಬ ಅಡ್ಡಹೆಸರು ಬಂದದ್ದು ಹಾಗೆ. ಇವತ್ತಿಗೂ ಇಟಲಿಯ ಪತ್ರಿಕೆಗಳು ತಲೆಬರಹದಲ್ಲಿ ಅದನ್ನೇ ಬಳಸುತ್ತವೆ.

ಜೂಕ್‌ಬಾಕ್ಸ್, ಸಿನಿಮಾ, ಸಾನ್‌ರೆಮೊ ಎಂಬ ಹಾಡಿನ ಸ್ಪರ್ಧೆ, ಇವು ಮೂರೂ ಒಟ್ಟೊಟ್ಟಿಗೆ ಅವನನ್ನು ಎತ್ತಿದವು. 1959ರಲ್ಲಿ ಅಂಕೋನಾದ ಹಾಡಿನ ಸ್ಪರ್ಧೆ ಗೆದ್ದ. 1960ರಲ್ಲಿ ನಿರ್ದೇಶಕ ಫೆಲಿನಿಯ ‘ಲಾ ಡೋಲ್ಚೆ ವೀಟಾ’ದಲ್ಲಿ ಒಂದು ದೃಶ್ಯಕ್ಕೆ ಬಂದು ‘ರೆಡಿ ಟೆಡಿ’ ಹಾಡಿ ಹೋದ. ರೋಮಿನ ಪಾಳುಬಿದ್ದ ಕಾರಾಕಾಲಾ ಸ್ನಾನಗೃಹದ ನಡುವೆ ಶ್ರೀಮಂತರು ಕುಣಿಯುತ್ತಿರುತ್ತಾರೆ, ಈ ಉದ್ದಕಾಲಿನ ಹುಡುಗ ಬಂದು ಆ ಇಡೀ ಕೂಟವನ್ನು ಕೆಲವು ನಿಮಿಷ ಹೊತ್ತುಕೊಂಡು ಓಡುತ್ತಾನೆ. ಸಿನಿಮಾ ಪಂಡಿತರು ಆ ಚಿತ್ರದ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಅವನ ಹಾಡಿಗೆ ಸಿಗುವುದು ಒಂದೆರಡು ಸಾಲು. ಅನ್ಯಾಯ.

ಸಾನ್‌ರೆಮೊಗೆ ಬೆನ್ನು

ಇಟಲಿಯ ಪಾಪ್ ಸಂಗೀತ ತಿಳಿಯಬೇಕಾದರೆ ಸಾನ್‌ರೆಮೊ ತಿಳಿಯಬೇಕು. ಸಮುದ್ರ ತೀರದ ಆ ಊರಿನಲ್ಲಿ 1951ರಿಂದ ಪ್ರತಿ ವರ್ಷ ನಡೆಯುವ ಹಾಡಿನ ಸ್ಪರ್ಧೆ ಅದು. ಅಲ್ಲಿ ಸ್ಪರ್ಧೆ ಗಾಯಕರ ನಡುವೆ ಅಲ್ಲ, ಹಾಡುಗಳ ನಡುವೆ. ಆ ದಿನಗಳಲ್ಲಿ ಒಂದೇ ಹಾಡನ್ನು ಇಬ್ಬರು ಬೇರೆ ಬೇರೆ ಗಾಯಕರು ಬೇರೆ ಬೇರೆ ವಾದ್ಯ ಸಂಯೋಜನೆಯಲ್ಲಿ ಹಾಡುತ್ತಿದ್ದರು, ಹಾಡು ಗಟ್ಟಿ ಇದ್ದರೆ ಯಾರು ಹಾಡಿದರೂ ನಿಲ್ಲಬೇಕು ಎಂಬ ತರ್ಕದ ಮೇಲೆ. ಇಡೀ ದೇಶ ಟಿ.ವಿ. ಮುಂದೆ ಕೂತು ತೀರ್ಪು ಕೊಡುತ್ತಿತ್ತು.

1961ರಲ್ಲಿ ಚೆಲೆಂಟಾನೊ ಕಡ್ಡಾಯ ಸೈನಿಕ ಸೇವೆಯಲ್ಲಿದ್ದ. ವಿಶೇಷ ಅನುಮತಿ ಪಡೆದು ಸಾನ್‌ರೆಮೊಗೆ ಬಂದ. ‘24 ಸಾವಿರ ಮುತ್ತು’ ಹಾಡು ಶುರುವಾದಾಗ ಆತ ಜನರಿಗೆ ಬೆನ್ನು ಹಾಕಿ ನಿಂತಿದ್ದ. ವಾದ್ಯ ಏರಿದ ಮೇಲೆ ಗಿರಕ್ಕನೆ ತಿರುಗಿದ. ಸಭೆಗೆ ಬೆನ್ನು ತೋರಿಸಿದ್ದು ಅವಮಾನವೆಂದು ದೊಡ್ಡ ಗಲಾಟೆ ಆಯಿತು. ಹಾಡು ಎರಡನೇ ಸ್ಥಾನಕ್ಕೆ ಬಂತು, ಮೊದಲ ಸ್ಥಾನದ ಹಾಡಿಗಿಂತ ಹೆಚ್ಚು ಕಾಲ ಬದುಕಿತು. ಸಾಹಿತ್ಯ ಬರೆದವರಲ್ಲಿ ಒಬ್ಬನಾದ ಲೂಚೊ ಫುಲ್ಚಿ ಮುಂದೆ ರಕ್ತಸಿಕ್ತ ಹಾರರ್ ಚಿತ್ರಗಳ ನಿರ್ದೇಶಕನಾಗಿ ಹೆಸರು ಮಾಡಿದ. ಮುತ್ತಿನ ಲೆಕ್ಕ ಬರೆದ ಕೈಯೇ ಅದು ಎಂದು ನಂಬುವುದು ಕಷ್ಟ. ಹಾಡು ಗಡಿ ದಾಟಿ ಯುಗೊಸ್ಲಾವಿಯಕ್ಕೂ ಹೋಯಿತು. ಎಷ್ಟರ ಮಟ್ಟಿಗೆ ಎಂದರೆ, 1981ರಲ್ಲಿ ಅಲ್ಲಿನ ನಿರ್ದೇಶಕ ಎಮಿರ್ ಕುಸ್ಟುರಿಟ್ಸಾ ಅರವತ್ತರ ದಶಕದ ಸರಾಯೆವೊ ಹುಡುಗರ ಕಥೆಯನ್ನು ಸಿನಿಮಾ ಮಾಡಿದಾಗ ಅವರು ಕಲಿಯುವ ಹಾಡು ಇದೇ ಆಗಿತ್ತು.

‘ಕ್ಲಾನ್’ ಎಂಬ ಕಂಪನಿ

ಆಗಿನ ರೆಕಾರ್ಡ್ ವ್ಯವಹಾರದಲ್ಲಿ ಗಾಯಕ ಹೆಚ್ಚುಕಡಿಮೆ ಸಂಬಳದ ಆಳು. ಯಾವ ಹಾಡು, ಯಾರ ಸಂಯೋಜನೆ, ಯಾವಾಗ ಬಿಡುಗಡೆ, ಕವರಿನ ಮೇಲೆ ಯಾವ ಫೋಟೊ, ಎಲ್ಲವೂ ಕಂಪನಿಯ ತೀರ್ಮಾನ. 45 ಆರ್‌ಪಿಎಂ ಗ್ರಾಮಫೋನ್ ತಟ್ಟೆಯೊಂದು ಲಕ್ಷಗಟ್ಟಲೆ ಮಾರಾಟವಾದರೂ ಗಾಯಕನ ಕೈಗೆ ಬರುವುದು ಚೂರುಪಾರು. ಚೆಲೆಂಟಾನೊ ‘ಜಾಲಿ’ ಎಂಬ ಕಂಪನಿಯಲ್ಲಿದ್ದ. 1961ರ ಡಿಸೆಂಬರಿನಲ್ಲಿ, ಇಪ್ಪತ್ಮೂರನೇ ವಯಸ್ಸಿನಲ್ಲಿ, ಅಲ್ಲಿಂದ ಎದ್ದು ತನ್ನದೇ ‘ಕ್ಲಾನ್ ಚೆಲೆಂಟಾನೊ’ ತೆರೆದ. ಅಮೆರಿಕದಲ್ಲಿ ಫ್ರ್ಯಾಂಕ್ ಸಿನಾಟ್ರಾನ ಸುತ್ತ ಇದ್ದ ಗೆಳೆಯರ ಬಳಗ ಅದಕ್ಕೆ ಮಾದರಿ. ಹಳೆ ಕಂಪನಿ ಕೋರ್ಟಿಗೆ ಹೋಯಿತು. ಮೊದಲ ತಟ್ಟೆ 1962ರಲ್ಲಿ ಬಂತು. ಬರ್ಟ್ ಬಕರಾಕ್‌ನ ಅಮೆರಿಕನ್ ಹಾಡೊಂದರ ಇಟಾಲಿಯನ್ ರೂಪ. ಅದು ಆ ವರ್ಷದ ‘ಕಾಂಟಾಜೀರೊ’ ಗೆದ್ದಿತು. ಸೈಕಲ್ ರೇಸಿನ ಹಾಗೆ ಊರಿಂದೂರಿಗೆ ಸಾಗುವ ಹಾಡಿನ ಸ್ಪರ್ಧೆ ಅದು.

ಕ್ಲಾನಿನ ಒಳಗೆ ಯಾರಿದ್ದರು? ಅಕ್ಕನ ಮಗ ಜೀನೊ ಸಾಂಟೆರ್ಕೊಲೆ, ಗೀತರಚನಕಾರರಾದ ಮಿಕಿ ಡೆಲ್ ಪ್ರೆಟೆ ಮತ್ತು ಲುಚಾನೊ ಬೆರೆಟ್ಟಾ, ಸಂಗೀತ ಸಂಯೋಜಕ ಡೆಟ್ಟೊ ಮಾರಿಯಾನೊ, ಗಾಯಕರಾದ ಡಾನ್ ಬ್ಯಾಕಿ, ರಿಕ್ಕಿ ಜಾಂಕೊ, ‘ರಿಬೆಲ್ಲಿ’ ತಂಡ. ಹೊರಗಿನಿಂದ ನೋಡಿದರೆ ಗೆಳೆಯರ ಸಹಕಾರ ಸಂಘ. ಒಳಗೆ ಹೋದರೆ ಒಬ್ಬನೇ ಯಜಮಾನನ ಕೂಡುಕುಟುಂಬ. ಕೂಡುಕುಟುಂಬ ಒಡೆಯುವ ಹಾಗೆಯೇ ಇದೂ ಒಡೆಯಿತು: ಜಾಂಕೊ ಬೇಗನೆ ಹೊರನಡೆದ. ಡಾನ್ ಬ್ಯಾಕಿಯ ಜಗಳವಂತೂ ಬೀದಿಗೇ ಬಂತು. ಬ್ಯಾಕಿ ಬರೆದ ಹಾಡನ್ನು, ಆತ ಕ್ಲಾನ್ ಬಿಟ್ಟು ಹೋದ ಮೇಲೆ, 1968ರ ಸಾನ್‌ರೆಮೊದಲ್ಲಿ ಚೆಲೆಂಟಾನೊನೇ ಹಾಡಿ ಮೂರನೇ ಸ್ಥಾನ ತಂದ.

ಹಾಗಿದ್ದರೂ ಆ ಕಂಪನಿ ಕೊಟ್ಟ ಸ್ವಾತಂತ್ರ್ಯ ದೊಡ್ಡದು. ಬೆನ್ ಇ. ಕಿಂಗ್‌ನ ‘ಸ್ಟ್ಯಾಂಡ್ ಬೈ ಮಿ’ಯನ್ನು ತಗೊಂಡು, ದೇವರಲ್ಲಿ ನಂಬಿಕೆ ಇಡು ಎಂದು ಹೇಳುವ ಭಕ್ತಿಗೀತೆ ಮಾಡಿದರು. ಬೇರೆ ಯಾವ ಕಂಪನಿಯೂ ಇದಕ್ಕೆ ಒಪ್ಪುತ್ತಿರಲಿಲ್ಲ. ಜನ ಕೊಂಡರು. ಪ್ರವಚನವನ್ನೂ ಹಾಡಿನಲ್ಲಿ ಮಾರಬಹುದು ಎಂಬ ಪಾಠ ಚೆಲೆಂಟಾನೊಗೆ ಆಗಲೇ ಸಿಕ್ಕಿತೋ ಏನೋ.

ಹುಲ್ಲಿದ್ದ ಜಾಗದಲ್ಲಿ ಊರು

1966ರ ಸಾನ್‌ರೆಮೊಗೆ ಆತ ತಂದದ್ದು ‘ಗ್ಲುಕ್ ಬೀದಿಯ ಹುಡುಗ’. ಊರಂಚಿನ ಮನೆಯಲ್ಲಿ ಹುಟ್ಟಿದ ಹುಡುಗ ಪಟ್ಟಣದ ನಡುವಿಗೆ ಹೊರಡುತ್ತಾನೆ. ನಿನಗೇನಪ್ಪ, ಮನೆಯೊಳಗೇ ಸ್ನಾನ ಮಾಡಬಹುದು ಎಂದು ಗೆಳೆಯ ಸಂತೋಷಪಡುತ್ತಾನೆ. ಹೊರಟವನು ಅಳುತ್ತಾನೆ. ವರ್ಷಗಳು ಕಳೆದು, ಕೈಯಲ್ಲಿ ದುಡ್ಡು ಹಿಡಿದು, ಹಳೆ ಮನೆ ಕೊಳ್ಳಲು ವಾಪಸ್ ಬಂದರೆ ಹುಲ್ಲಿದ್ದಲ್ಲೆಲ್ಲ ಮನೆ ಮೇಲೆ ಮನೆ. ಹುಲ್ಲು ಉಳಿಸದೆ ಮನೆ ಯಾಕೆ ಕಟ್ಟುತ್ತಲೇ ಇದ್ದಾರೆ ಎಂದು ಕೇಳುತ್ತ ಹಾಡು ಮುಗಿಯುತ್ತದೆ.

ತೀರ್ಪುಗಾರರು ಮೊದಲ ಸುತ್ತಿನಲ್ಲೇ ಹೊರಗೆ ಹಾಕಿದರು! ಯುದ್ಧಾನಂತರದ ಇಟಲಿ ಆಗ ಕಟ್ಟಡ ಕಟ್ಟುವ ಅಮಲಿನಲ್ಲಿತ್ತು. ಕಾರು, ಫ್ರಿಜ್ಜು, ಫ್ಲ್ಯಾಟು ಎಲ್ಲ ಕನಸಾಗಿದ್ದ ಹೊತ್ತಿನಲ್ಲಿ ಸಿಮೆಂಟಿನ ಮೇಲೆ ದೂರು ಹೇಳಿದರೆ ಯಾರಿಗೆ ಬೇಕು? ಆದರೆ ತಟ್ಟೆ ಮಾರಾಟವಾಯಿತು. ಅದೇ ವರ್ಷ ಫ್ರಾನ್ಸಿನಲ್ಲಿ ಫ್ರಾಂಸ್ವಾಜ್ ಆರ್ದಿ ಅದನ್ನು ಫ್ರೆಂಚಿನಲ್ಲಿ ಹಾಡಿ ಬೇರೆಯದೇ ಮೃದುತ್ವ ಕೊಟ್ಟಳು. ನನಗೆ ಇಷ್ಟವಾಗುವುದು ಹಳೆ ಗೆಳೆಯ ಗಾಬೆರ್ ಕೊಟ್ಟ ಮರುಜವಾಬು. ಆತ ಹಾಡಿನಲ್ಲೇ ಉತ್ತರ ಬರೆದ: ಮದುವೆಯಾಗಬೇಕೆಂದಿದ್ದ ಬಡ ಹುಡುಗನೊಬ್ಬನ ಬಾಡಿಗೆ ಮನೆಯನ್ನು ಕೆಡವಿಹಾಕುತ್ತಾರೆ, ಯಾಕೆಂದರೆ ಅಲ್ಲಿ ಹುಲ್ಲು ಬೆಳೆಸಬೇಕಂತೆ. ಹಸಿರಿನ ಹಂಬಲ ಯಾರ ತಲೆಯ ಮೇಲಿನ ಸೂರು ಕಿತ್ತು ಈಡೇರುತ್ತದೆ ಎಂಬ ಪ್ರಶ್ನೆ. 1966ರಲ್ಲೇ ಈ ಎರಡೂ ಹಾಡು ಒಂದರ ಎದುರು ಇನ್ನೊಂದು ನಿಂತಿದ್ದವು ಎನ್ನುವುದು ಇಟಲಿಯ ಪಾಪ್ ಎಷ್ಟು ಚುರುಕಾಗಿತ್ತು ಎಂಬುದಕ್ಕೆ ಸಾಕ್ಷಿ.

‘ಅಝ್ಝುರ್ರೊ’ (ನೀಲಿ) ಎಂಬ ಹಾಡು ಬಂದದ್ದು 1968ರಲ್ಲಿ. ಇದರ ರಾಗ ಕಟ್ಟಿದವನು ಆಸ್ಟಿ ಎಂಬ ಸಣ್ಣ ಊರಿನ ವಕೀಲ ಪಾವ್ಲೊ ಕಾಂಟೆ, ಸಾಹಿತ್ಯ ವೀಟೊ ಪಲ್ಲವಿಚೀನಿಯದ್ದು. ಬೇಸಿಗೆ ಮಧ್ಯಾಹ್ನ, ಆಕಾಶ ನೀಲಿ, ಪ್ರೇಯಸಿ ಸಮುದ್ರ ತೀರಕ್ಕೆ ಹೊರಟುಹೋಗಿದ್ದಾಳೆ, ಇವನೊಬ್ಬನೇ ಖಾಲಿ ಪಟ್ಟಣದಲ್ಲಿ. ಅಷ್ಟೇ ಕಥೆ. ಮಾತು ಪೂರ್ತಿ ಬೇಸರದ್ದು, ತಾಳ ಮಾತ್ರ ಬ್ಯಾಂಡ್‌ಸೆಟ್ಟಿನ ಮೆರವಣಿಗೆಯದ್ದು. ಆ ಎರಡನ್ನೂ ಒಟ್ಟಿಗೆ ಹಿಡಿಯುವ ಒರಟು ದನಿ ಚೆಲೆಂಟಾನೊನದ್ದು. ಇಟಲಿಯವರು ಇದನ್ನು ಎರಡನೇ ರಾಷ್ಟ್ರಗೀತೆ ಅನ್ನುತ್ತಾರೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಜನ ಬಾಲ್ಕನಿಗಳಲ್ಲಿ ನಿಂತು ಹಾಡಿದ್ದರಲ್ಲಿ ಇದೂ ಇತ್ತು. ತಟ್ಟೆಯ ಇನ್ನೊಂದು ಬದಿಯಲ್ಲಿದ್ದ ‘ಮುಷ್ಟಿಯೊಳಗಿನ ಮುದ್ದು’ ಕೂಡ ಅಷ್ಟೇ ಗೆದ್ದಿತು.

1970ರಲ್ಲಿ ಹೆಂಡತಿ ಕ್ಲಾಉಡಿಯಾ ಮೋರಿಯ ಜೊತೆ ಸಾನ್‌ರೆಮೊ ಗೆದ್ದ. ಆಕೆ ನಟಿ, 1963ರಲ್ಲಿ ಸಿನಿಮಾ ಸೆಟ್ಟಿನಲ್ಲಿ ಪರಿಚಯ, 1964ರಲ್ಲಿ ಮದುವೆ. ಗೆದ್ದ ಹಾಡಿನ ಕಥೆ ಹೀಗಿದೆ: ಗಂಡ ಮುಷ್ಕರದಲ್ಲಿದ್ದಾನೆ, ದುಡಿಯದವನಿಗೆ ಪ್ರೀತಿಯಿಲ್ಲ ಎಂದು ಹೆಂಡತಿ ಹೇಳುತ್ತಾಳೆ, ಕೆಲಸಕ್ಕೆ ಹೋದರೆ ಮುಷ್ಕರದವರು ಹೊಡೆಯುತ್ತಾರೆ. ಹಿಂದಿನ ವರ್ಷವಷ್ಟೇ ಇಟಲಿಯ ಕಾರ್ಖಾನೆಗಳು ‘ಬಿಸಿ ಶರತ್ಕಾಲ’ ಎಂದು ಹೆಸರಾದ ದೊಡ್ಡ ಮುಷ್ಕರಗಳನ್ನು ಕಂಡಿದ್ದವು. ಎಡಪಂಥೀಯರು ಕೆರಳಿದರು. ಗುಳೆ ಬಂದ ಕಾರ್ಮಿಕರ ಮಗನೇ ಹೀಗೆ ಹಾಡಬಹುದೇ ಎಂದರು. ಆತ ತಮಾಷೆ ಎಂದ. ಹಾಡಾಗಿ ಅದು ಚುರುಕು, ರಾಜಕೀಯವಾಗಿ ಅಡ್ಡಗೋಡೆಯ ಮೇಲಿನ ದೀಪ. ಅವನ ಎಲ್ಲ ‘ಸಂದೇಶ’ಗಳ ಹಣೆಬರಹವೂ ಇದೇ.

ಅರ್ಥವೇ ಇಲ್ಲದ ಇಂಗ್ಲಿಷ್

ಈಗ 1972ರ ಆ ವಿಚಿತ್ರ ಹಾಡು: ‘ಪ್ರಿಸೆಂಕೊಲಿನೆನ್ಸಿನಾಯ್‌ಚೂಸೊಲ್’. ಹೆಸರಿಗೂ ಅರ್ಥವಿಲ್ಲ, ಹಾಡಿಗೂ ಇಲ್ಲ. ಆದರೆ ಕೇಳಿದವರಿಗೆ ಅಮೆರಿಕದ ಯಾವುದೋ ಹಾಡು, ನನಗೇ ಸರಿಯಾಗಿ ಕೇಳಿಸುತ್ತಿಲ್ಲ ಅನಿಸುತ್ತದೆ. ಇಂಗ್ಲಿಷೇ ಮನೆಮಾತಾದವರು ಕೂಡ ಹಾಗೇ ಕಿವಿ ನಿಮಿರಿಸುತ್ತಾರೆ. ಮಧ್ಯೆ ಮಧ್ಯೆ ಬರುವ ‘ಆಲ್ ರೈಟ್’ ಒಂದೇ ನಿಜವಾದ ಇಂಗ್ಲಿಷ್.

ಈ ಮೋಸ ಹೇಗೆ ಸಾಧ್ಯ ಎಂದು ಕನ್ನಡದವರಿಗೆ ವಿವರಿಸುವುದು ಸುಲಭ, ಏಕೆಂದರೆ ನಮ್ಮದೂ ಇಟಾಲಿಯನ್ನಿನದೂ ಒಂದು ಚಾಳಿ ಒಂದೇ. ಎರಡೂ ನುಡಿಗಳು ಪದವನ್ನು ಸ್ವರದಲ್ಲಿ ಮುಗಿಸಲು ಇಷ್ಟಪಡುತ್ತವೆ. ನಾವು ಬಸ್ಸು, ಕಾರು, ಬ್ಯಾಂಕು ಅನ್ನುವ ಹಾಗೆ ಇಟಲಿಯವರ ಮಾತು ಆ, ಎ, ಇ, ಒಗಳಲ್ಲಿ ಕೊನೆಯಾಗುತ್ತದೆ. ಅಕ್ಷರ ಅಕ್ಷರವೂ ತನ್ನ ಪಾಲಿನ ಹೊತ್ತು ತಗೊಂಡೇ ಮುಂದಕ್ಕೆ ಹೋಗುತ್ತದೆ. ಇಂಗ್ಲಿಷ್ ಹಾಗಲ್ಲ. ಪದ ವ್ಯಂಜನಕ್ಕೆ ಢಿಕ್ಕಿ ಹೊಡೆದು ನಿಲ್ಲುತ್ತದೆ, ಒತ್ತು ಬಿದ್ದ ಅಕ್ಷರ ಉಬ್ಬುತ್ತದೆ, ಒತ್ತಿಲ್ಲದ್ದು ಬಾಯೊಳಗೇ ಕರಗಿಹೋಗುತ್ತದೆ, ‘ರ್’ ನಾಲಗೆಯನ್ನು ಹಿಂದಕ್ಕೆ ಮಡಿಚಿ ಬರುತ್ತದೆ. ಚೆಲೆಂಟಾನೊ ಮಾಡಿದ್ದು ಇಷ್ಟೇ: ಪದಗಳನ್ನು ಬಿಸಾಕಿ ಈ ಚಲನೆಯನ್ನು ಮಾತ್ರ ಉಳಿಸಿಕೊಂಡ. ಸ್ವರಾಂತ್ಯಗಳನ್ನು ಕತ್ತರಿಸಿದ, ನಡುವಿನ ಅಕ್ಷರಗಳನ್ನು ನುಂಗಿದ, ಮೂಗಿನಲ್ಲಿ ಸ್ವಲ್ಪ ಎಳೆದ. ಕೇಳುವವರು ‘ಇದು ಇಂಗ್ಲಿಷಲ್ಲ’ ಎಂದು ತೀರ್ಮಾನಿಸುವ ಹೊತ್ತಿಗೆ ಸರಿಯಾಗಿ ಒಂದು ‘ಆಲ್ ರೈಟ್’ ಎಸೆದು ಮತ್ತೆ ನಂಬಿಸಿದ. ಹಿನ್ನೆಲೆಯಲ್ಲಿ ಡ್ರಮ್ಮಿನ ಒಂದೇ ಹೊಡೆತ ಸುತ್ತಿ ಸುತ್ತಿ ಬರುತ್ತದೆ, ತುತ್ತೂರಿಗಳು ಒಂದೇ ತುಣುಕನ್ನು ಮತ್ತೆ ಮತ್ತೆ ಊದುತ್ತವೆ. ರಾಗ ಎಲ್ಲೂ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಇದನ್ನೇ ಮುಂದೆ ಮಾಡಿ ‘ರ್‍ಯಾಪ್ ಹುಟ್ಟುವ ಮೊದಲೇ ರ್‍ಯಾಪ್ ಮಾಡಿದವನು’ ಎಂದು ಅವನನ್ನು ಹೊಗಳುವವರಿದ್ದಾರೆ. ಅದು ಸ್ವಲ್ಪ ಅತಿಯಾಯಿತು. ನ್ಯೂಯಾರ್ಕಿನ ಬೀದಿಗಳಲ್ಲಿ ಮಾತಿಗೆ ಇದ್ದ ತೂಕವೇ ಬೇರೆ. ಇಲ್ಲಿ ಮಾತಿನ ಸಿಪ್ಪೆ ಮಾತ್ರ ಇದೆ.

ಅಮೆರಿಕದ ಹಾಡು ಅರ್ಥವಾಗದೆಯೂ ನಮಗೆ ಹಿಡಿಸುತ್ತದೆ, ಹಾಗಾದರೆ ಅರ್ಥವನ್ನೇ ಬಿಟ್ಟರೆ ಏನಾಗುತ್ತದೆ ನೋಡೋಣ ಎಂಬುದು ಅವನ ಯೋಚನೆ. ಮನುಷ್ಯರು ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಬದುಕುತ್ತಿದ್ದಾರೆ ಎಂಬುದೇ ಹಾಡಿನ ವಸ್ತು ಎಂದೂ ಹೇಳಿದ. ಮೊದಲಿಗೆ ಇಟಲಿಯಲ್ಲಿ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಜರ್ಮನಿ, ಫ್ರಾನ್ಸ್ ಮುಂತಾದ ಕಡೆ ಓಡಿದ ಮೇಲೆ ಮನೆಯಲ್ಲೂ ಬೆಲೆ ಬಂತು. 1973ರ ಟಿ.ವಿ. ಶೋ ಒಂದರಲ್ಲಿ ಮೇಷ್ಟ್ರ ವೇಷ ಹಾಕಿ ತರಗತಿಯಲ್ಲಿ ಇದನ್ನು ಪಾಠ ಮಾಡಿದ. 1974ರಲ್ಲಿ ಟಿ.ವಿ. ತಾರೆ ರಫಾಯೆಲ್ಲಾ ಕರ್ರಾ ಜೊತೆ ಕನ್ನಡಿಗಳ ನಡುವೆ ಕುಣಿದ. ಸುಮಾರು ಮೂವತ್ತೈದು ವರ್ಷದ ನಂತರ ಆ ಎರಡು ತುಣುಕುಗಳು ಇಂಟರ್‌ನೆಟ್ಟಿಗೆ ಬಂದು, ಇಟಲಿ ಎಲ್ಲಿದೆ ಎಂದೂ ಕೇಳದ ಹುಡುಗರು ಅವನ್ನು ಒಬ್ಬರಿಗೊಬ್ಬರು ಕಳಿಸಿಕೊಂಡರು. 1976ರ ‘ಸ್ವಾಲ್ಯುಟೇಶನ್’ ಇದರ ತಮ್ಮ: ಬೆಲೆಯೇರಿಕೆ, ಇಟಲಿಯ ಆಗಿನ ಹಣವಾದ ಲೀರಾದ ಕುಸಿತ ಎಲ್ಲದಕ್ಕೂ ಇಂಗ್ಲಿಷಿನ ‘ಶನ್’ ಬಾಲ ಅಂಟಿಸಿ ಹಾಡಿದ್ದು.

ಒಂದು ಮಾಮೂಲಿ ಕಂಪನಿಯ ಮ್ಯಾನೇಜರ ಮೇಜಿನ ಮೇಲೆ ‘ಪ್ರಿಸೆಂಕೊಲಿ...’ ಎಂಬ ಹೆಸರಿನ ಟೇಪು ಬಿದ್ದಿದ್ದರೆ ಅದರ ಗತಿ ಏನಾಗುತ್ತಿತ್ತು ಎಂದು ಊಹಿಸಬಹುದು. ಕಂಪನಿ ಸ್ವಂತದ್ದಾಗಿದ್ದರಿಂದ ಅದು ತಟ್ಟೆಯಾಗಿ ಹೊರಬಂತು.

ತೆರೆಯ ಮೇಲೆ

ನಟನಾಗಿ ಚೆಲೆಂಟಾನೊ ಎರಡು ಬಗೆ. ಬೇರೆಯವರ ಕೈಯಲ್ಲಿ ಒಂದು, ತನ್ನ ಕೈಯಲ್ಲಿ ಇನ್ನೊಂದು.

ಬೇರೆಯವರ ಕೈಯಲ್ಲಿ ಮೊದಲ ಗಟ್ಟಿ ಪಾತ್ರ 1968ರ ‘ಸೆರಾಫಿನೊ’. ನಿರ್ದೇಶಕ ಪಿಯೆತ್ರೊ ಜೆರ್ಮಿ ಅವನನ್ನು ಬೆಟ್ಟದ ಕುರಿಗಾಹಿ ಮಾಡಿದ. ಆಸ್ತಿಗೂ ಕಟ್ಟುಬೀಳದ, ಹೇರಿದ ಮದುವೆಗೂ ಒಪ್ಪದ ಪೋಲಿ. ಚಿತ್ರ 1969ರಲ್ಲಿ ಮಾಸ್ಕೊ ಚಿತ್ರೋತ್ಸವದಲ್ಲಿ ಬಹುಮಾನ ಪಡೆಯಿತು. ಸೋವಿಯತ್ ಜನರಿಗೂ ಅವನಿಗೂ ನಂಟು ಬೆಳೆದದ್ದು ಅಲ್ಲಿಂದ. ಅದು ಕುದುರಿದ್ದು 1980ರ ‘ಇಲ್ ಬಿಸ್ಬೆಟಿಕೊ ದೊಮಾತೊ’ ಎಂಬ ಹಾಸ್ಯಚಿತ್ರದಿಂದ. ಶೇಕ್ಸ್‌ಪಿಯರನ ಗಯ್ಯಾಳಿ ಹೆಣ್ಣಿನ ನಾಟಕವನ್ನು ತಿರುವುಮುರುವು ಮಾಡಿದ ಕಥೆ ಇದು. ನಮ್ಮಲ್ಲಿ ಪರ್ವತವಾಣಿ ಅದೇ ನಾಟಕವನ್ನು ಕನ್ನಡಕ್ಕೆ ಒಗ್ಗಿಸಿದ್ದರು, ಅದೇ ಬೇರಿನಿಂದ ‘ನಂಜುಂಡಿ ಕಲ್ಯಾಣ’ ಬಂತು. ಅಲ್ಲಿ ಬಗ್ಗುವುದು ಹೆಣ್ಣು. ಇಟಲಿಯ ಚಿತ್ರದಲ್ಲಿ ಬಗ್ಗುವವನು ಗಂಡು, ಹೆಂಗಸರ ನೆರಳು ಕಂಡರಾಗದ ಶ್ರೀಮಂತ ರೈತ ಎಲಿಯಾ. ಮಳೆ ರಾತ್ರಿ ಕಾರು ಕೆಟ್ಟು ನಾಯಕಿ ಒರ್ನೆಲ್ಲಾ ಮೂಟಿ ಅವನ ಮನೆಗೆ ಬರುತ್ತಾಳೆ. ಆಸೆ ಕೆರಳಿದಾಗಲೆಲ್ಲ ಈತ ಕೊಡಲಿ ಹಿಡಿದು ಸೌದೆ ಒಡೆಯಲು ಓಡುತ್ತಾನೆ. ದ್ರಾಕ್ಷಿ ತೊಟ್ಟಿಯೊಳಗಿಳಿದು ಡಿಸ್ಕೊ ತಾಳಕ್ಕೆ ಹಣ್ಣು ತುಳಿಯುವ ದೃಶ್ಯವನ್ನು ಒಮ್ಮೆ ನೋಡಿದರೆ ‘ಸ್ಪ್ರಿಂಗ್ ಕೂರಿಸಿದವನು’ ಅಂದದ್ದು ಯಾಕೆಂದು ತಿಳಿಯುತ್ತದೆ: ಮುಖ ಕಲ್ಲಿನ ಹಾಗೆ ಗಂಭೀರ, ಸೊಂಟದ ಕೆಳಗೆ ಜಾತ್ರೆ. ಸೋವಿಯತ್ ಒಕ್ಕೂಟದಲ್ಲಿ ಡಬ್ ಆಗಿ ಬಂದ ಈ ಚಿತ್ರಕ್ಕೆ ಕೋಟಿಗಟ್ಟಲೆ ಟಿಕೆಟ್ ಮಾರಾಟವಾದವು. 1981ರಲ್ಲಿ ಅದೇ ಜೋಡಿ ಮತ್ತೆ ಬಂತು, ಈ ಸಲ ರೋಮಿನ ಸಿಟಿ ಬಸ್ ಡ್ರೈವರ್ ಮತ್ತು ರಾಜಕುಮಾರಿಯಾಗಿ.

ತನ್ನ ಕೈಯಲ್ಲಿ ತಾನೇ ಇದ್ದಾಗ ಬಂದದ್ದು 1975ರ ‘ಯುಪ್ಪಿ ಡು’. ನಿರ್ದೇಶನ, ಸಂಗೀತ, ನಾಯಕ ಎಲ್ಲ ಒಬ್ಬನೇ. ವೆನಿಸ್ಸಿನ ಬಡವನೊಬ್ಬನ ಸತ್ತಳೆಂದುಕೊಂಡ ಮೊದಲ ಹೆಂಡತಿ ಶ್ರೀಮಂತಳಾಗಿ ವಾಪಸ್ ಬರುತ್ತಾಳೆ. ಚಾರ್ಲಟ್ ರ್‍ಯಾಂಪ್ಲಿಂಗ್ ಆ ಪಾತ್ರದಲ್ಲಿ. ಮಧ್ಯೆ ಕಾರ್ಖಾನೆಯ ಹೊಗೆ, ಕಾರ್ಮಿಕರ ಸಾವು, ಕುಣಿತ, ಹುಚ್ಚಾಟ. ಕಾನ್ ಚಿತ್ರೋತ್ಸವದ ಸ್ಪರ್ಧೆಗೆ ಹೋಯಿತು. 2008ರಲ್ಲಿ ದುರಸ್ತಿಯಾದ ಪ್ರತಿ ವೆನಿಸ್ ಉತ್ಸವದಲ್ಲಿ ತೆರೆ ಕಂಡಿತು. ಎಲ್ಲೆಲ್ಲೋ ಹರಿದಾಡುತ್ತದೆ, ಆದರೆ ಜೀವ ಇದೆ. ಅದೇ ಧೈರ್ಯದಲ್ಲಿ 1985ರಲ್ಲಿ ‘ಯೋನ್ ಲೂಯಿ’ ಮಾಡಿದ. ತಾನೇ ಕ್ರಿಸ್ತನಂಥ ಪ್ರವಾದಿ, ಕೆಟ್ಟುಹೋದ ಲೋಕಕ್ಕೆ ಹಾಡಿನಲ್ಲಿ ಬುದ್ಧಿ ಹೇಳುವವನು. ದುಡ್ಡು ನೀರಿನಂತೆ ಹೋಯಿತು, ಚಿತ್ರ ನೆಲ ಕಚ್ಚಿತು. ಅದರಲ್ಲಿ ಒಂದು ಗಂಟೆ ಕತ್ತರಿಸುವ ಧೈರ್ಯ ಯಾರಿಗಾದರೂ ಇದ್ದಿದ್ದರೆ ಎಂದು ನೋಡುವಾಗ ಅನಿಸದೇ ಇರುವುದಿಲ್ಲ.

ಪ್ರವಚನಕಾರ

ಎರಡು ವರ್ಷದ ನಂತರ ಬಂದದ್ದೇ ಮೊದಲು ಹೇಳಿದ ‘ಫಂಟಾಸ್ಟಿಕೊ’. ಸಿನಿಮಾದಲ್ಲಿ ಸೋತ ಪ್ರವಾದಿ ಟಿ.ವಿ.ಯಲ್ಲಿ ಗೆದ್ದ. ಟಿ.ವಿ. ಅಂದರೆ ಸದ್ದು, ಅಲ್ಲಿ ಒಂದು ಕ್ಷಣ ಸುಮ್ಮನಾದರೂ ಏನೋ ಕೆಟ್ಟಿದೆ ಎಂದು ಜನ ಗಾಬರಿ ಬೀಳುತ್ತಾರೆ. ಆ ಗಾಬರಿಯನ್ನೇ ಆತ ವಾದ್ಯದ ಹಾಗೆ ನುಡಿಸಿದ. ಮಾತಿಗೆ ಅರ್ಥವಿಲ್ಲದ ಹಾಡು ಮಾಡಿದವನು ಈಗ ಮಾತೇ ಇಲ್ಲದ ಮಾತು ಆಡಿದ ಎಂದರೂ ಸರಿ.

2005ರ ‘ರಾಕ್‌ಪೊಲಿಟಿಕ್’ ಇದರ ತುತ್ತತುದಿ. ಅದಕ್ಕೆ ಕೆಲವು ವರ್ಷ ಮೊದಲು, ಪ್ರಧಾನಿ ಬೆರ್ಲುಸ್ಕೋನಿಯೇ ಹೆಸರು ಹಿಡಿದು ಟೀಕಿಸಿದ್ದ ಮೂವರು ರಾಯ್ ಪರದೆಯಿಂದ ಮಾಯವಾಗಿದ್ದರು. ಅವರಲ್ಲೊಬ್ಬನಾದ ಪತ್ರಕರ್ತ ಮಿಕೇಲೆ ಸಾಂಟೊರೊನನ್ನು ಚೆಲೆಂಟಾನೊ ಅದೇ ರಾಯ್ ವೇದಿಕೆಗೆ ಕರೆತಂದ. ಜೊತೆಗೆ ಒಂದು ಆಟ ಶುರುಮಾಡಿದ: ಇದು ‘ರಾಕ್’, ಅದು ‘ಸ್ಲೋ’ ಎಂದು ಲೋಕವನ್ನೆಲ್ಲ ಎರಡು ಗುಂಪಿಗೆ ಹಂಚುವುದು. ಮರುದಿನದಿಂದ ಆಫೀಸು, ಬಾರು, ಸಂಸತ್ತು ಎಲ್ಲ ಕಡೆ ಜನ ಹಾಗೇ ಮಾತಾಡಿದರು. ಮೊದಲೇ ಯಾವುದೂ ತೋರಿಸುವುದಿಲ್ಲ, ಯಾವುದಕ್ಕೂ ಕತ್ತರಿ ಹಾಕುವಂತಿಲ್ಲ ಎಂಬ ಷರತ್ತು ಹಾಕಿ ಒಪ್ಪಂದ ಮಾಡಿಕೊಳ್ಳುವುದು ಅವನ ರೂಢಿ. ಕ್ಲಾನಿನ ನಿಯಮವನ್ನು ಆತ ಸರ್ಕಾರಿ ಟಿ.ವಿ.ಗೂ ಒಯ್ದಿದ್ದ.

ಅದೇ ಷರತ್ತು 2012ರ ಸಾನ್‌ರೆಮೊದಲ್ಲಿ ತಿರುಗಿಬಿತ್ತು. ಸಂಭಾವನೆಯನ್ನು ದಾನಕ್ಕೆ ಕೊಟ್ಟು ವೇದಿಕೆಗೆ ಬಂದವನು ಹಾಡಿದ್ದಕ್ಕಿಂತ ಹೆಚ್ಚು ಮಾತಾಡಿದ. ಎರಡು ಕ್ಯಾಥೊಲಿಕ್ ಪತ್ರಿಕೆಗಳನ್ನು ಮುಚ್ಚಬೇಕು ಎಂದ. ವಾಕ್‌ಸ್ವಾತಂತ್ರ್ಯಕ್ಕೆ ನಿಂತಿದ್ದವನ ಬಾಯಲ್ಲಿ ಇದು ಬಂದದ್ದಕ್ಕೆ ಜನ ದಂಗಾದರು. 2019ರ ‘ಆಡ್ರಿಯನ್’ ಇನ್ನೂ ದುರಂತ. ವರ್ಷಗಟ್ಟಲೆ ತಯಾರಿ ನಡೆದ ಈ ಆನಿಮೇಷನ್ ಧಾರಾವಾಹಿಗೆ ಚಿತ್ರ ಬರೆದವನು ಹೆಸರಾಂತ ಕಾಮಿಕ್ಸ್ ಕಲಾವಿದ ಮೀಲೊ ಮನಾರಾ. ಕಾಲ 2068, ನಾಯಕ ಗ್ಲುಕ್ ಬೀದಿಯ ಗಡಿಯಾರ ರಿಪೇರಿಯವನು, ಸರ್ವಾಧಿಕಾರದ ವಿರುದ್ಧ ಎದ್ದ ವೀರ. ಅಂದರೆ ತಾನೇ! ವಾರ ವಾರಕ್ಕೆ ನೋಡುಗರು ಕರಗಿಹೋಗಿ, ನಡುವೆ ನಿಲ್ಲಿಸಬೇಕಾಯಿತು.

ನಡುವಯಸ್ಸು ದಾಟಿದ ಮೇಲೆ ಅವನ ಕೈ ಹಿಡಿದದ್ದು ಹಾಡೇ, ಅದೂ ಬೇರೆಯವರ ಹಾಡು. 1978ರಲ್ಲೇ ಜನರ ಮುಂದೆ ಬರುವುದನ್ನು ಬಿಟ್ಟ ಮಹಾ ಗಾಯಕಿ ಮೀನಾ 1998ರಲ್ಲಿ ಅವನ ಜೊತೆ ಒಂದು ಆಲ್ಬಂ ಮಾಡಿದಳು. ಮುಂದಿನ ವರ್ಷ ಗೀತರಚನಕಾರ ಮೊಗೊಲ್ ಮತ್ತು ರಾಗ ಸಂಯೋಜಕ ಜಾನ್ನಿ ಬೆಲ್ಲಾ ಬರೆದುಕೊಟ್ಟ ‘ಪ್ರೀತಿಯ ಬಗ್ಗೆ ಮಾತಾಡಲು ಬಾರದು ನನಗೆ’ ಬಂತು. ಎರಡೂ ಹತ್ತು ಲಕ್ಷ ಮೀರಿ ಮಾರಾಟವಾದವು. ಎರಡರಲ್ಲೂ ಬುದ್ಧಿಮಾತಿಲ್ಲ. ಅರವತ್ತು ದಾಟಿದ, ಸ್ವಲ್ಪ ಒಡೆದ ದನಿ ಸುಮ್ಮನೆ ಪ್ರೀತಿಯ ಬಗ್ಗೆ ಹಾಡುತ್ತದೆ. ‘ಅಝ್ಝುರ್ರೊ’ ಆಗಲಿ, ‘ಸೆರಾಫಿನೊ’ ಆಗಲಿ, ಈ ಎರಡು ಆಲ್ಬಂ ಆಗಲಿ, ಎದುರು ಕೂತು ಒಬ್ಬ ಗಟ್ಟಿ ಮನುಷ್ಯ ಇದ್ದಾಗಲೆಲ್ಲ ಆತ ಎಡವಿದ್ದು ಕಡಿಮೆ. ‘ಪ್ರಿಸೆಂಕೊಲಿ...’ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದು ಪೂರ್ತಿ ಒಂಟಿ ಹುಚ್ಚಿನದ್ದೇ.

ಹೊಸದಾಗಿ ಕೇಳುವವರು 1974ರ ಕನ್ನಡಿಗಳ ನಡುವಿನ ಕುಣಿತದಿಂದ ಶುರುಮಾಡಬಹುದು. ಆಮೇಲೆ ‘ಅಝ್ಝುರ್ರೊ’. ಆಮೇಲೆ ‘ಗ್ಲುಕ್ ಬೀದಿಯ ಹುಡುಗ’ನನ್ನು ಗಾಬೆರ್‌ನ ಜವಾಬಿನ ಜೊತೆಗೇ, ಒಂದರ ಹಿಂದೆ ಒಂದು ಕೇಳಿ. ದ್ರಾಕ್ಷಿ ತುಳಿಯುವ ದೃಶ್ಯಕ್ಕೆ ಭಾಷೆ ಬೇಕಿಲ್ಲ. ‘ಯೋನ್ ಲೂಯಿ’ಯನ್ನು ಇವನ್ನೆಲ್ಲ ಮುಗಿಸಿ, ಪುರುಸೊತ್ತಿದ್ದರೆ ಮಾತ್ರ ನೋಡಿ.